ಊರು ಹೊತ್ತ ಶಾಲೆಗಳು

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅಡಿಕೆ ತೋಟದ ಮಂಜು ಕರಗುವ ಮೊದಲೇ ಹುಡುಗರ ದಿನ ಶುರುವಾಗಿರುತ್ತದೆ. ಅನಾಥಸೇವಾಶ್ರಮದ ಅಂಗಳದಲ್ಲಿ ಸಾಲಾಗಿ ನಿಂತವರು ಬಾಗುತ್ತಾರೆ, ಏಳುತ್ತಾರೆ, ಉಸಿರು ಹಿಡಿದು ಬಿಡುತ್ತಾರೆ. ಹೊಸದಾಗಿ ಹಾಸ್ಟೆಲ್ ಸೇರಿದ ಎಂಟನೇ ತರಗತಿಯವನು ಪಕ್ಕದವನನ್ನು ಓರೆಗಣ್ಣಲ್ಲಿ ನೋಡಿ ಕೈ ಎತ್ತುತ್ತಾನೆ. ಹತ್ತನೆಯವನಿಗೆ ಆಸನಗಳೆಲ್ಲ ಮೈಗೂಡಿವೆ. ಅತ್ತ ಔಷಧಿಗೆಂದು ಮೊದಲ ಬಸ್ಸಿಗೇ ಬಂದ ದೂರದೂರಿನವರು, ಮಂಡಿನೋವಿನ ಅಜ್ಜಿಯರು ನೆರಳು ಹುಡುಕಿ ಕೂತಿರುತ್ತಾರೆ. ಶಾಲೆ ಎಲ್ಲಿ ಮುಗಿಯಿತು, ಆಸ್ಪತ್ರೆ ಎಲ್ಲಿ ಶುರುವಾಯಿತು, ಊರು ಯಾವ ಕಡೆಯಿಂದ ಒಳಗೆ ಬಂತು ಎಂದು ಗೆರೆ ಎಳೆಯಲು ಬಾರದು.

ಇದನ್ನು ಕಟ್ಟಿದ ರಾಘವೇಂದ್ರ ಸ್ವಾಮೀಜಿ ಕರಾವಳಿಯ ಬಾರ್ಕೂರಿನ ಕಡೆಯವರು. ಯೋಗ ಕಲಿಸುತ್ತಾ, ಕಾಯಿಲೆಯವರಿಗೆ ಮದ್ದು ಕೊಡುತ್ತಾ ಊರೂರು ತಿರುಗಿ, 1943ರಲ್ಲಿ ಇಲ್ಲಿ ಆಶ್ರಮ ಕಟ್ಟಿ ನೆಲೆ ನಿಂತರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಯ ಮುಂದೆ ನಿಂತರು. ತಮ್ಮನ್ನು ‘ತಿರುಕ’ ಎಂದೇ ಕರೆದುಕೊಂಡರು, ಆ ಹೆಸರಿನಲ್ಲೇ ಬರೆದರು. ಯಾರದೋ ಕಣದ ರಾಗಿ, ಇನ್ಯಾರದೋ ಸಂತೆಯ ಚಿಲ್ಲರೆ ಕಾಸು ಆ ಜೋಳಿಗೆಗೆ ಬಿತ್ತು. 1996ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಪ್ರೌಢಶಾಲೆಯಿಂದ ಆಯುರ್ವೇದ ಕಾಲೇಜಿನವರೆಗೆ ಒಂದು ವಿದ್ಯಾಕೇಂದ್ರವೇ ಇಲ್ಲಿ ಬೆಳೆದಿತ್ತು. ಇಷ್ಟು ಜನರ ಪಾಲು ಸೇರಿದ ಗೋಡೆಯನ್ನು ಯಾರೂ ತನ್ನದಲ್ಲ ಎನ್ನುವಂತಿಲ್ಲ. ಇಲ್ಲಿ ಓದಿ ಹೋದವರು ಮಗನನ್ನು ಸೇರಿಸಲು ಮತ್ತೆ ಇದೇ ಬಾಗಿಲಿಗೆ ಬಂದಾಗ, ಗುರುತಿನ ಮೇಷ್ಟ್ರನ್ನು ಕಂಡರೆ ಚಪ್ಪಲಿ ಕಳಚಿ ನಿಲ್ಲುತ್ತಾರೆ.

ಬಿಸಿಲು ಏರಿದ ಹಾಗೆ ಪೂರ್ವಕ್ಕೆ ಹೋದರೆ ಹಿರಿಯೂರಿನ ಬಯಲು. ಜಾಲಿಮರ, ಶೇಂಗಾ ಹೊಲ, ಅಲ್ಲೊಂದು ದಾಳಿಂಬೆ ತೋಟ, ರಸ್ತೆ ಪಕ್ಕದಲ್ಲೊಂದು ಸರ್ಕಾರಿ ಪ್ರೌಢಶಾಲೆ. ಊಟದ ಬೆಲ್ ಹೊಡೆಯುತ್ತಲೇ ತಟ್ಟೆಗಳ ಸದ್ದು ಎದ್ದಿತು. ಬಿಸಿಯೂಟ ಹೈಸ್ಕೂಲಿನವರೆಗೆ ಬಂದದ್ದು 2007-08ರಲ್ಲಿ. ಅಡುಗೆ ಮಾಡುವ ಅಮ್ಮಂದಿರು ಇದೇ ಊರಿನವರು. ಯಾರ ಮನೆಯಲ್ಲಿ ಬೆಳಗ್ಗೆ ಒಲೆ ಹೊತ್ತಿಲ್ಲ ಎಂಬುದು ಅವರಿಗೆ ಗೊತ್ತು. ಅಂಥ ಹುಡುಗಿಯ ತಟ್ಟೆಗೆ ಎರಡನೇ ಸೌಟು ಸಾರು ಕೇಳದೆಯೇ ಬೀಳುತ್ತದೆ: “ತಿನ್ನವ್ವ, ನಾಚ್ಕೋಬೇಡ.”

ಗೊಲ್ಲರಹಟ್ಟಿಗಳಿಂದ ಬರುವ ಹುಡುಗಿಯರಲ್ಲಿ ಎಷ್ಟೋ ಜನ ತಮ್ಮ ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲಿಗರು. 2006-07ರಲ್ಲಿ ಎಂಟನೇ ತರಗತಿಗೆ ಉಚಿತ ಸೈಕಲ್ ಬಂದಾಗ, ಏಳನೇ ತರಗತಿಗೇ ಶಾಲೆ ಬಿಡುತ್ತಿದ್ದ ಇಂಥವರ ಪಾಲಿಗೆ ದಾರಿ ಹತ್ತಿರವಾಯಿತು. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೊರಡುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಆ ತಿಂಗಳುಗಳಲ್ಲಿ ಹಾಜರಿ ಕರೆಯುವ ದನಿ ಬರೀ ಹಾಜರಿಯದ್ದಲ್ಲ. ಎರಡು ದಿನ ಬಾರದವನ ಮನೆಗೆ ಮೇಷ್ಟ್ರು ಬೈಕಿನಲ್ಲಿ ಹೋಗುತ್ತಾರೆ. “ಅಜ್ಜಿ, ಹುಡುಗ ಎಲ್ಲಿ?” ಎಂದು ಕೇಳಿದರೆ, ಕುರಿಯ ಹಿಂದೆ ಹೋದ ಹುಡುಗನನ್ನು ಅಕ್ಕಪಕ್ಕದವರೇ ಕೂಗಿ ಕರೆಯುತ್ತಾರೆ.

ಈ ಸೀಮೆಯ ಮಕ್ಕಳಿಗೆ ನೀರೇ ದೊಡ್ಡ ಪಾಠ. ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ತಾತ ಹೇಳುತ್ತಿದ್ದ ಕತೆ ಕಣ್ಣೆದುರು ಹರಿಯಿತು. ಮಾರಿಕಣಿವೆಯ ದಾರಿಯುದ್ದಕ್ಕೂ ನೀರು ನೋಡಲು ಬಂದವರ ಜಾತ್ರೆ. ಮೊಮ್ಮಗನ ಹೆಗಲು ಹಿಡಿದು ನಿಂತ ಅಜ್ಜಂದಿರಿಗೂ ಅದು ಮೊದಲ ನೋಟವೇ ಆಗಿತ್ತು.

ಇಳಿಹೊತ್ತಿಗೆ ಚಿತ್ರದುರ್ಗ. ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಏಳು ಸುತ್ತಿನ ಕೋಟೆಯ ಬಂಡೆಗಳು ಕೆಂಪಾಗುತ್ತಿವೆ. ಖಾಸಗಿ ಬಸ್ಸುಗಳ ಬಾಗಿಲಲ್ಲಿ ಬ್ಯಾಗು ಹೊತ್ತ ಹುಡುಗರು ಜೋತುಬಿದ್ದಿದ್ದಾರೆ. ಶಾಲೆ ಬಿಟ್ಟರೂ ಹತ್ತನೇ ತರಗತಿ ಬಿಡುವುದಿಲ್ಲ. ವಿಶೇಷ ತರಗತಿಯ ಕೋಣೆಯಲ್ಲಿ ಲೈಟು ಉರಿಯುತ್ತಿದೆ, ಕಪ್ಪುಹಲಗೆಯ ಮೇಲೆ ಪ್ರಮೇಯ ಅರ್ಧಕ್ಕೆ ಬಂದಿದೆ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಈ ಬರಪೀಡಿತ ಜಿಲ್ಲೆ ಶೇ 96.80 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಆದರೆ ಅಂಕಿಯಷ್ಟೇ ಶಾಲೆಯಲ್ಲ. ಮಗು ಬಾಯಿಬಿಟ್ಟು ಮಾತಾಡಲು ಕಲಿತಿತೇ, ಎದುರಿನವರ ಕಣ್ಣು ನೋಡಿ ನಿಲ್ಲಲು ಕಲಿತಿತೇ ಎಂಬುದನ್ನು ಯಾವ ಅಂಕಪಟ್ಟಿಯೂ ಹೇಳದು.

ಅದನ್ನು ನೋಡಬೇಕಾದರೆ ನವೆಂಬರ್ ಮೊದಲ ವಾರ, ನಾಟಕೋತ್ಸವದ ಸಂಜೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಬೇಕು. ಟ್ರ್ಯಾಕ್ಟರು, ಲಗೇಜ್ ಆಟೊ, ಬೈಕುಗಳಲ್ಲಿ ಸುತ್ತಲ ಹಳ್ಳಿಗಳೇ ಬಂದಿಳಿಯುತ್ತವೆ. ತಲೆಗೆ ಟವೆಲ್ ಸುತ್ತಿದ ರೈತರು, ಕಂಕುಳಲ್ಲಿ ಕೂಸು, ಕೈಯಲ್ಲಿ ಕಂಬಳಿ ಹಿಡಿದ ಹೆಂಗಸರು. ಗ್ರೀಕ್ ರಂಗಮಂದಿರದ ಮಾದರಿಯಲ್ಲಿ ಅರ್ಧಚಂದ್ರವಾಗಿ ಇಳಿದ ಮೆಟ್ಟಿಲುಗಳು ತುಂಬುತ್ತಾ ಬರುತ್ತವೆ. ಮುಂದಿನ ಸಾಲಿನಲ್ಲಿ ಶಾಲೆಯ ಮಕ್ಕಳು. ಮೊದಲು ವಚನಗೀತೆ, ಆಮೇಲೆ ಮಾತು, ಆಮೇಲೆ ನಾಟಕ.

ಇಲ್ಲಿನ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. 1997ರಲ್ಲಿ ಶುರುವಾದ ಶಿವಸಂಚಾರ ತಿರುಗಾಟದ ತಂಡ ಪ್ರತಿ ವರ್ಷ ಹೊಸ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತದೆ. 2019ರ ಆಗಸ್ಟಿನಲ್ಲಿ ‘ಮತ್ತೆ ಕಲ್ಯಾಣ’ ಅಭಿಯಾನ ಹೊರಟಾಗ ಜಿಲ್ಲೆ ಜಿಲ್ಲೆಗಳಲ್ಲಿ ವಿದ್ಯಾರ್ಥಿಗಳೊಡನೆ ಸಂವಾದ ನಡೆಯಿತು. ಜಾತಿಯ ಬಗ್ಗೆ, ದೇವರ ಬಗ್ಗೆ ಹುಡುಗ ಹುಡುಗಿಯರು ಎದ್ದು ನಿಂತು ಪ್ರಶ್ನೆ ಕೇಳಿದರು. ಮಠದ ಸ್ವಾಮೀಜಿಯ ಎದುರು ಪ್ರಶ್ನೆ ಕೇಳಬಹುದು ಎಂದು ಹದಿನೈದರ ವಯಸ್ಸಿಗೇ ಗೊತ್ತಾಗುವುದು ಸಣ್ಣ ಕಲಿಕೆಯಲ್ಲ.

ರಂಗದ ಮೇಲೆ ಬೆಳಕು ಬೀಳುತ್ತದೆ. ಮುಂದಿನ ಸಾಲಿನ ಮಕ್ಕಳು ಮಾತು ನಿಲ್ಲಿಸುತ್ತಾರೆ. ಹಿಂದೆ ಕೂತ ಅವ್ವ ತನ್ನ ಮಗನ ತಲೆ ಯಾವುದೆಂದು ಆ ಸಾಲಿನಲ್ಲಿ ಹುಡುಕುತ್ತಾಳೆ. ನಾಟಕ ಮುಗಿದ ಮೇಲೆ ಊಟದ ಸಾಲಿನಲ್ಲಿ ನಿಂತು ಅವನು ಪಾತ್ರಧಾರಿಯ ಮಾತುಗಳನ್ನು ಅಭಿನಯಿಸಿ ತೋರಿಸುವಾಗ, ನಾಳೆ ಹೊಲಕ್ಕೆ ಹೋಗಬೇಕಾದವರೂ ನಿಂತು ನೋಡುತ್ತಾರೆ.

ಮಲ್ಲಾಡಿಹಳ್ಳಿಯ ಜೋಳಿಗೆ, ಹಿರಿಯೂರಿನ ಬಿಸಿಯೂಟದ ಸೌಟು, ಸಾಣೇಹಳ್ಳಿಯ ಮೆಟ್ಟಿಲು ಹೇಳುವುದು ಒಂದೇ ಮಾತು: ಪಠ್ಯ, ಸಂಬಳ, ಕಟ್ಟಡ ಮೇಲಿಂದ ಬರಬಹುದು, ಮಗುವನ್ನು ಗುರುತಿಟ್ಟು ಕಾಯುವ ಕಣ್ಣು ಮಾತ್ರ ಊರಿನದ್ದೇ ಆಗಬೇಕು. ಇವತ್ತು ಹಳ್ಳಿಹಳ್ಳಿಗೂ ಪಟ್ಟಣದ ಶಾಲೆಯ ಹಳದಿ ವ್ಯಾನು ಬಂದು ನಿಲ್ಲುತ್ತದೆ. ಅನುಕೂಲಸ್ಥರ ಮಕ್ಕಳು ಅದನ್ನು ಹತ್ತಿ ಹೋಗುತ್ತಾರೆ. ಊರ ಪ್ರೌಢಶಾಲೆಯಲ್ಲಿ ಉಳಿದವರು ಕೂಲಿಯವರ, ಹಟ್ಟಿಯವರ ಮಕ್ಕಳು. ವ್ಯಾನು ಹತ್ತಿಸಿ ಕಳಿಸಿದ ತಂದೆತಾಯಿಯೂ ಊರ ಶಾಲೆಯ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ಬಗ್ಗೆ ವಿಚಾರಿಸಬೇಕು, ಹುಡುಗಿಯರ ಶೌಚಾಲಯಕ್ಕೆ ನೀರು ಬರುತ್ತಿದೆಯೇ ಎಂದು ಕೇಳಬೇಕು. ಅಂದು ಜೋಳಿಗೆಗೆ ರಾಗಿ ಹಾಕಿದವರಲ್ಲಿ ಎಷ್ಟೋ ಜನರಿಗೆ ಶಾಲೆಗೆ ಕಳಿಸಲು ಮಕ್ಕಳೇ ಇದ್ದಿರಲಿಕ್ಕಿಲ್ಲ. ಆದರೂ ಹಾಕಿದರು, ಅದರಿಂದಲೇ ಶಾಲೆ ಎದ್ದಿತು.