ತೋಟಾದ ಬುಡದಲ್ಲಿ ಬರೆದದ್ದು

ಮಳೆಗಾಲಕ್ಕೆ ಮುಂಚೆ ಸಕಲೇಶಪುರದ ಕಡೆಯ ಗೆಳೆಯನೊಬ್ಬ ಹಳೇ ಮನೆಯ ಹೆಂಚು ಇಳಿಸಿ ಮಾಡು ರಿಪೇರಿ ಮಾಡಿಸುತ್ತಿದ್ದ. ಕೊಟ್ಟಿಗೆಗೆ ತಾಗಿಕೊಂಡ ಅಟ್ಟದ ಮೇಲೆ ಅಜ್ಜನ ಟ್ರಂಕು, ಟ್ರಂಕಿನೊಳಗೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಐದು ತೋಟಾ. ಅಜ್ಜ ಎರಡನೇ ಮಹಾಯುದ್ಧದಲ್ಲಿ ಸಿಪಾಯಿಯಾಗಿದ್ದವರು. ಊರಿಗೆ ಮರಳಿದ ಮೇಲೆ ಲೈಸೆನ್ಸ್ ಮಾಡಿಸಿ ಒಂದು ಶಿಕಾರಿ ರೈಫಲ್ ಇಟ್ಟುಕೊಂಡಿದ್ದರು. ಅವರು ತೀರಿಕೊಂಡಾಗ ರೈಫಲ್ ಠಾಣೆಗೆ ಹೋಯಿತು. ಅಟ್ಟದ ಡಬ್ಬಿಯ ನೆನಪು ಯಾರಿಗೂ ಇರಲಿಲ್ಲ.

ಗೆಳೆಯ ಫೋನು ಮಾಡಿದ. "ಇವು ಏನು ಅಂತ ಹೇಳು ಮಾರಾಯ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಶೋಕೇಸಲ್ಲಿ ಇಡೋಣ ಅಂತಿದ್ದಾರೆ."

ತಿಕ್ಕುವುದು ಬೇಡವೇ ಬೇಡ ಎಂದೆ. ಒಣ ಬಟ್ಟೆಯ ಮೇಲೆ ಮಲಗಿಸು, ಒಲೆಯಿಂದ ದೂರವಿಡು, ಪಕ್ಕದಲ್ಲೊಂದು ಸ್ಕೂಲ್ ಸ್ಕೇಲು ಇಟ್ಟು ಫೋಟೊ ತೆಗೆ. ಬುಡದ ಫೋಟೊ ತೆಗೆಯುವಾಗ ಟಾರ್ಚನ್ನು ನೇರ ಹಿಡಿಯದೆ ಓರೆಯಾಗಿ ಹಿಡಿ, ಆಗ ಒತ್ತಿದ ಅಕ್ಷರಗಳು ನೆರಳು ಬಿದ್ದು ಎದ್ದು ಕಾಣುತ್ತವೆ ಎಂದೆ. ಗುರುತು ಹಿಡಿಯಲು ಇಷ್ಟು ಸಾಕು. ತೋಟಾ ಕಣ್ಣಿನಿಂದ ಓದುವ ವಸ್ತು. ಬಿಚ್ಚಿ ನೋಡಬೇಕು, ಅಲ್ಲಾಡಿಸಿ ನೋಡಬೇಕು, ಬೆಂಕಿಗೆ ಹಿಡಿದು ಮದ್ದು ಸತ್ತಿದೆಯೋ ನೋಡಬೇಕು ಎಂದು ಹೊರಟವರು ಬೆರಳು, ಕಣ್ಣು ಕಳೆದುಕೊಂಡಿದ್ದಾರೆ.

ಪಟ್ಟಣದವರು ಕಾಡತೂಸು ಎನ್ನುವ ಈ ವಸ್ತುವಿನಲ್ಲಿ ನಾಲ್ಕು ಭಾಗ. ಮುಂದೆ ಗುಂಡು, ಹಿಂದೆ ಹಿತ್ತಾಳೆಯ ಕೋಶ, ಕೋಶದೊಳಗೆ ಮದ್ದು, ಬುಡದ ನಡುವೆ ಕೇಪು. ಕುದುರೆ ಎಳೆದಾಗ ರೈಫಲ್‌ನ ಸೂಜಿ ಕೇಪಿಗೆ ಬಡಿಯುತ್ತದೆ, ಕೇಪಿನ ಕಿಡಿ ಮದ್ದಿಗೆ ಹತ್ತುತ್ತದೆ, ಮದ್ದು ಅನಿಲವಾಗಿ ಗುಂಡನ್ನು ನೂಕುತ್ತದೆ. ಆ ಕ್ಷಣ ಕೋಶದೊಳಗಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಮೂರೂವರೆ ಸಾವಿರ ಪಟ್ಟು ಮೀರುತ್ತದೆ. ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಅಂಟಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ, ಒತ್ತಡ ಇಳಿದ ಕೂಡಲೆ ಕುಗ್ಗಿ ಸಡಿಲವಾಗುತ್ತದೆ. ಹೀಗೆ ಉಬ್ಬಿ ಕುಗ್ಗುವ ಗುಣಕ್ಕಾಗಿಯೇ ಅಷ್ಟು ದುಬಾರಿ ಲೋಹವನ್ನು ಒಂದೇ ಸಲದ ಕೆಲಸಕ್ಕೆ ಬಳಸುವುದು. ತಪ್ಪು ತೋಟಾ ತಪ್ಪು ರೈಫಲ್‌ಗೆ ಹೋದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಸಿಪಾಯಿ ಕತ್ತಲಲ್ಲೂ ಆತುರದಲ್ಲೂ ತಪ್ಪದಿರಲಿ ಎಂದು ಕಾರ್ಖಾನೆಗಳು ತೋಟಾದ ಮೇಲೆ ಬರೆಯಲು ಕಲಿತವು.

ಫೋಟೊಗಳು ಬಂದವು. ಮೊದಲು ನೋಡಿದ್ದು ಬುಡದ ಅಂಚು. ಕೆಲವು ತೋಟಾಗಳಿಗೆ ಬುಡದಲ್ಲಿ ಮೊಳೆಯ ತಲೆಯ ಹಾಗೆ ಹೊರಚಾಚಿದ ಅಂಚಿರುತ್ತದೆ. ಕೆಲವಕ್ಕೆ ಅಂಚು ಕೋಶದಷ್ಟೇ ಅಗಲವಿದ್ದು ಅದರ ಮೇಲೆ ಸುತ್ತಲೂ ಕೊರೆದ ಒಂದು ಗಾಡಿ ಇರುತ್ತದೆ. ಈಗಿನ ಸೈನ್ಯಗಳ ಬಹುತೇಕ ರೈಫಲ್ ತೋಟಾಗಳು ಗಾಡಿಯವು. ಹಳೆಯ ಅಂಚಿನ ಜಾತಿಯಲ್ಲಿ 1891ರ ರಷ್ಯನ್ ತೋಟಾ ಇವತ್ತೂ ಬಳಕೆಯಲ್ಲಿದೆ. ಗೆಳೆಯ ಕಳಿಸಿದ ಐದಕ್ಕೂ ಹೊರಚಾಚಿದ ಅಂಚಿತ್ತು.

ಆಮೇಲೆ ಉದ್ದ. ರೈಫಲ್ ತೋಟಾಗಳನ್ನು ಲೋಕದಲ್ಲಿ ಎರಡು ಸಂಖ್ಯೆಯಲ್ಲಿ ಕರೆಯುತ್ತಾರೆ, ಮೊದಲನೆಯದು ನಳಿಗೆಯ ಒಳ ಅಳತೆ, ಎರಡನೆಯದು ಗುಂಡು ಬಿಟ್ಟು ಬರೀ ಕೋಶದ ಉದ್ದ. 7.62 ಮಿ.ಮೀ. ಎಂದಷ್ಟೇ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಎ.ಕೆ.-47ರ ಕೋಶ 39 ಮಿ.ಮೀ., ನ್ಯಾಟೊ ರೈಫಲ್‌ನದು 51, ಹಳೆಯ ರಷ್ಯನ್‌ನದು 54, ಅಮೆರಿಕನ್ನರ ಮಹಾಯುದ್ಧ ಕಾಲದ್ದು 63. ಎಲ್ಲವೂ 7.62, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಸ್ಕೇಲಿನ ಪಕ್ಕ ಗೆಳೆಯನ ನಾಲ್ಕು ತೋಟಾಗಳ ಕೋಶ 56 ಮಿ.ಮೀ. ತೋರಿಸಿತು. ಐದನೆಯದು 50ರ ಹತ್ತಿರವೇ ನಿಂತಿತ್ತು. ಮೂತಿಯೂ ಬೇರೆ. ನಾಲ್ಕರ ಗುಂಡು ಪೂರ್ತಿ ಲೋಹದ ಹೊದಿಕೆಯ ಚೂಪು ಮೂತಿಯದು, ಐದನೆಯದರ ತುದಿಯಲ್ಲಿ ಬೂದುಬಣ್ಣದ ಸೀಸ ಮೊಂಡಾಗಿ ಹೊರಗೆ ಕಾಣುತ್ತಿತ್ತು.

ನಾಲ್ಕರ ಬುಡದ ಬರಹ ಟಾರ್ಚಿನ ಓರೆ ಬೆಳಕಿನಲ್ಲಿ ಸ್ಪಷ್ಟವಿತ್ತು. ಕೇಪಿನ ಸುತ್ತ ಇಂಗ್ಲಿಷಿನ ಕೆ ಮತ್ತು ಎಫ್, 43 ಎಂಬ ಅಂಕಿ, ರೋಮನ್ ಲಿಪಿಯಲ್ಲಿ ಏಳು. ಕೆ.ಎಫ್. ಎಂದರೆ ಕಿರ್ಕಿ ಫ್ಯಾಕ್ಟರಿ. ಪುಣೆಯ ಖಡಕಿಯನ್ನು ಬ್ರಿಟಿಷರು ಕಿರ್ಕಿ ಎಂದು ಕರೆದರು. ಅಲ್ಲಿ 1869ರಲ್ಲಿ ಶುರುವಾದ ಮದ್ದುಗುಂಡಿನ ಕಾರ್ಖಾನೆ ಇವತ್ತಿಗೂ ನಡೆಯುತ್ತಿದೆ. 43 ಎಂದರೆ ತಯಾರಾದ ವರ್ಷ, 1943. ರೋಮನ್ ಏಳು ಎಂದರೆ ತೋಟಾದ ಮಾದರಿ, ಮಾರ್ಕ್ ಏಳು. ಇಷ್ಟಾದರೆ ಇದು ನಮ್ಮ ಪೊಲೀಸರ ಬಾಯಲ್ಲಿ ದಶಕಗಟ್ಟಲೆ ಉಳಿದ ತ್ರೀ ನಾಟ್ ತ್ರೀ. ಒಂದು ಇಂಚಿನ ಸಾವಿರದಲ್ಲಿ 303 ಭಾಗ ಎಂಬುದು ನಳಿಗೆಯ ಅಳತೆ, ಅಂದರೆ 7.7 ಮಿ.ಮೀ. ಗುಂಡು ಅದಕ್ಕಿಂತ ಒಂದಿಷ್ಟು ದಪ್ಪ, ಸುಮಾರು 7.9. ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡಿನ ಮೈಯನ್ನು ಕಚ್ಚಿ ತಿರುಗಿಸಬೇಕಲ್ಲ, ಅದಕ್ಕೆ.

ಮಾರ್ಕ್ ಏಳು 1910ರಲ್ಲಿ ಬಂದದ್ದು. ಗುಂಡಿನ ತೂಕ 174 ಗ್ರೇನ್, ಅಂದರೆ 11 ಗ್ರಾಂಗೆ ಸ್ವಲ್ಪ ಹೆಚ್ಚು. ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 744 ಮೀಟರ್. ಹೊರಗೆ ನೋಡಿದರೆ ಗೊತ್ತಾಗದ ಒಂದು ಸಂಗತಿ ಒಳಗಿದೆ. ಮುಂದಿನ ಮೂರನೇ ಒಂದು ಭಾಗದಲ್ಲಿ ಸೀಸವಿಲ್ಲ, ಅಲ್ಯೂಮಿನಿಯಂ ಇದೆ. ಲೋಹದ ಬರ ಬಂದ ಯುದ್ಧಕಾಲದಲ್ಲಿ ಮರದ ಅಥವಾ ಕಾಗದದ ತಿರುಳನ್ನೂ ತುಂಬಿದ್ದುಂಟು. ಇದರಿಂದ ಗುಂಡಿನ ತೂಕ ಹಿಂದಕ್ಕೆ ಬೀಳುತ್ತದೆ. ಮದ್ದೂ ವಿಶೇಷವೇ. ಪುಡಿಯಲ್ಲ, ಕಡ್ಡಿ. 1889ರಲ್ಲಿ ಫ್ರೆಡರಿಕ್ ಏಬೆಲ್ ಮತ್ತು ಜೇಮ್ಸ್ ಡ್ಯೂವರ್ ರೂಪಿಸಿದ ಕಾರ್ಡೈಟ್, ನೈಟ್ರೊಗ್ಲಿಸರಿನ್, ಗನ್‌ಕಾಟನ್ ಹಾಗೂ ವ್ಯಾಸಲೀನಿನ ಮಿಶ್ರಣ. ಒಣ ಶ್ಯಾವಿಗೆಯನ್ನು ಕಟ್ಟು ಕಟ್ಟಿ ನಿಲ್ಲಿಸಿದಂತೆ ಕೋಶದೊಳಗೆ ನಿಂತಿರುತ್ತದೆ. ಕಿರಿದಾದ ಕತ್ತಿನೊಳಗೆ ಅಷ್ಟು ಕಡ್ಡಿ ತುರುಕುವುದು ಹೇಗೆ? ಕೋಶ ಇನ್ನೂ ನೆಟ್ಟಗಿನ ಕೊಳವೆಯಾಗಿರುವಾಗಲೇ ಕಡ್ಡಿ ತುಂಬಿ, ಆಮೇಲೆ ಕತ್ತನ್ನು ಒತ್ತಿ ಕಿರಿದು ಮಾಡುತ್ತಿದ್ದರು. ನನಗೆ ಈ ಜಾಣ್ಮೆ ಯಾವಾಗ ನೆನೆದರೂ ಸಂತೋಷ ಕೊಡುತ್ತದೆ.

ಐದನೆಯದರ ಬುಡದಲ್ಲೂ ಕೆ.ಎಫ್. ಇತ್ತು! ಗೆಳೆಯ ಐದನ್ನೂ ಒಂದೇ ಎಂದುಕೊಂಡದ್ದು ಈ ಕಾರಣಕ್ಕೆ. ಆದರೆ ಅಲ್ಲಿ ರೋಮನ್ ಏಳು ಇರಲಿಲ್ಲ, 8 ಎಂಎಂ ಎಂದಿತ್ತು. ಅದು ತ್ರೀ ಫಿಫ್ಟೀನ್, ಭಾರತದ ಶಿಕಾರಿ ರೈಫಲ್‌ನ ತೋಟಾ. ನಮ್ಮಲ್ಲಿ ಸೈನ್ಯದ ಬೋರು, ಅಂದರೆ ನಳಿಗೆಯ ಅಳತೆ, ಸಾಮಾನ್ಯ ನಾಗರಿಕನ ಲೈಸೆನ್ಸಿಗೆ ಸಿಗುವುದಿಲ್ಲ. ಹಾಗಾಗಿ ಆಸ್ಟ್ರಿಯಾದ ಹಳೆಯ 8 ಮಿ.ಮೀ. ಮ್ಯಾನ್‌ಲಿಕರ್ ತೋಟಾದ ಅಳತೆ ಹಿಡಿದು ಇದನ್ನು ನಾಗರಿಕರ ಪಾಲಿಗೆ ಕೊಟ್ಟರು. ಒಂದೇ ಕಾರ್ಖಾನೆ, ಒಂದೇ ಬಣ್ಣದ ಹಿತ್ತಾಳೆ, ಒಂದೇ ಬಗೆಯ ಅಂಚು. ವ್ಯತ್ಯಾಸವೆಲ್ಲ 6 ಮಿ.ಮೀ. ಉದ್ದದಲ್ಲಿ, ಮೂತಿಯಲ್ಲಿ, ಬುಡದ ಬರಹದಲ್ಲಿ.

ಮೂತಿಯ ವ್ಯತ್ಯಾಸಕ್ಕೆ ಹಿಂದಿನ ಕಥೆಯೊಂದಿದೆ, ಅದೂ ನಮ್ಮ ನೆಲದ್ದೇ. ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬಾತ ತ್ರೀ ನಾಟ್ ತ್ರೀ ಗುಂಡಿನ ತುದಿಯ ಹೊದಿಕೆ ತೆಗೆದು ಸೀಸ ಬಯಲಾಗಿಸಿದ. ಮೈಗೆ ಹೊಕ್ಕ ಗುಂಡು ಅಣಬೆಯಂತೆ ಅರಳಿ ಘೋರ ಗಾಯ ಮಾಡುತ್ತಿತ್ತು. 1899ರ ಹೇಗ್ ಸಮ್ಮೇಳನದ ಘೋಷಣೆ ಯುದ್ಧದಲ್ಲಿ ಅಂಥ ಗುಂಡು ಬೇಡವೆಂದಿತು. ಅಂದಿನಿಂದ ಸಿಪಾಯಿಯ ಗುಂಡಿಗೆ ಪೂರ್ತಿ ಹೊದಿಕೆ. ಬೇಟೆಗಾರನ ಗುಂಡಿಗೆ ಆ ನಿರ್ಬಂಧವಿಲ್ಲ, ಮೃಗ ನರಳದೆ ಬೇಗ ಬೀಳಲೆಂದು ಬೆತ್ತಲೆ ಸೀಸದ ತುದಿಯನ್ನೇ ಬಳಸುತ್ತಾರೆ. ಅಜ್ಜನ ಡಬ್ಬಿಯಲ್ಲಿ ಸಿಪಾಯಿಯೂ ಬೇಟೆಗಾರನೂ ಒಂದೇ ಪಂಚೆಯ ತುಂಡಿನಲ್ಲಿ ಮಲಗಿದ್ದರು.

ಎಲ್ಲ ದೇಶದವರೂ ಕಿರ್ಕಿಯವರಷ್ಟು ಬಿಚ್ಚಿ ಹೇಳುವುದಿಲ್ಲ. ಸೋವಿಯತ್ ತೋಟಾದ ಬುಡದಲ್ಲಿ ಕಾರ್ಖಾನೆಯ ಹೆಸರಿರದು, ಸಂಖ್ಯೆ ಮಾತ್ರ: 17 ಎಂದರೆ ಬರ್ನೌಲ್, 188 ಎಂದರೆ ನೊವೊಸಿಬಿರ್ಸ್ಕ್. 1952ರಿಂದ 56ರವರೆಗೆ ಇಸವಿಯ ಬದಲು ರಷ್ಯನ್ ಅಕ್ಷರ ಒತ್ತಿದ್ದರಿಂದ ಓದುವವರು ತಡವರಿಸುತ್ತಾರೆ. ಜರ್ಮನರು ಕಾರ್ಖಾನೆಯನ್ನು ಗುಪ್ತಾಕ್ಷರದಲ್ಲಿ ಅಡಗಿಸಿದರೂ ಲೋಹದ ವಿವರ ಬರೆದರು: ಎಸ್‌ಟಿ ಎಂದಿದ್ದರೆ ಉಕ್ಕಿನ ಕೋಶ, ಎಸ್ ಅಕ್ಷರದ ಪಕ್ಕ 67 ಇದ್ದರೆ ಶೇ. 67 ತಾಮ್ರವಿರುವ ಹಿತ್ತಾಳೆ. ವೃತ್ತದೊಳಗೆ ಕೂಡಿಸುವ ಚಿಹ್ನೆ ಕಂಡರೆ ನ್ಯಾಟೊ. ಹೆಸರೂ ದಾರಿ ತಪ್ಪಿಸಬಹುದು. ಜಪಾನಿನ ಭೂಸೇನೆಯ 7.7 ಮಿ.ಮೀ. ತೋಟಾ ಬೇರೆಯದೇ, ಅಂಚಿಲ್ಲದ್ದು. ಅದೇ ಜಪಾನಿನ ನೌಕಾಪಡೆಯ 7.7 ಮಾತ್ರ ಬ್ರಿಟಿಷರ ತ್ರೀ ನಾಟ್ ತ್ರೀಯ ಅಳತೆಯದು, ಏಕೆಂದರೆ ಅವರು ಬ್ರಿಟಿಷರ ವಿಕರ್ಸ್ ಮತ್ತು ಲೂಯಿಸ್ ಮಶಿನ್‌ಗನ್‌ಗಳನ್ನೇ ನಕಲು ಮಾಡಿಕೊಂಡಿದ್ದರು.

ಬಣ್ಣದ ಮಾತು ಇನ್ನೂ ಎಚ್ಚರಿಕೆಯದು. ಬ್ರಿಟಿಷರು ಕೇಪಿನ ಸುತ್ತ ಬಣ್ಣದ ಉಂಗುರ ಬಳಿದರು: ನೇರಳೆಯಾದರೆ ಸಾದಾ ಗುಂಡು, ಕೆಂಪಾದರೆ ಹಾರುವಾಗ ಬೆಳಕಿನ ಗೆರೆ ಬಿಡುವ ಟ್ರೇಸರ್, ಹಸಿರಾದರೆ ಕವಚ ತೂರುವ ಗುಂಡು, ನೀಲಿಯಾದರೆ ಬೆಂಕಿ ಹೊತ್ತಿಸುವಂಥದ್ದು. ಸೋವಿಯತ್ತರು ಬಣ್ಣ ಬಳಿದದ್ದು ಗುಂಡಿನ ತುದಿಗೆ, ಅಲ್ಲಿ ಹಸಿರೆಂದರೆ ಟ್ರೇಸರ್. ಬಣ್ಣ ಕಂಡ ಕೂಡಲೆ ಅರ್ಥ ಹೇಳಬಾರದು, ಯಾವ ದೇಶದ್ದೆಂದು ಬುಡ ಓದಿ ತಿಳಿದ ಮೇಲೆ ಹೇಳಬೇಕು.

ಗೆಳೆಯನ ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ಒಂದು ತೋಟಾದ ಕತ್ತಿನಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳು ಉದ್ದಕ್ಕೆ ಇಳಿದಿತ್ತು, ಅಂಚಿನಲ್ಲಿ ಹಸಿರು ಕಿಲುಬು. "ಯಾರೂ ಮುಟ್ಟಿಲ್ಲ, ಬೀಳಿಸಿಲ್ಲ. ಬಟ್ಟೇಲಿ ಸುತ್ತಿಟ್ಟದ್ದು ತಾನಾಗೇ ಹೇಗೆ ಸೀಳ್ತು?"

ಇದೇ ಪ್ರಶ್ನೆ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯವನ್ನೂ ಕಾಡಿತ್ತು. ಮಳೆಗಾಲದಲ್ಲಿ ದಂಡಯಾತ್ರೆ ನಿಂತಾಗ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದರೆ ಕೋಶಗಳು ಸೀಳಿರುತ್ತಿದ್ದವು. ಋತು ಬಂದಾಗ ಬರುವ ರೋಗವೆಂದು ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದೇ ಹೆಸರು ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಅದರ ಕಾರಣವನ್ನು ವಿವರಿಸಿದರು. ಕುದುರೆಯ ಮೂತ್ರ ಕೊಳೆತು ಅಮೋನಿಯಾ ಏಳುತ್ತದೆ. ಮಳೆಗಾಲದ ತೇವದಲ್ಲಿ ಅದು ಹಿತ್ತಾಳೆಯ ಮೇಲೆ ತೆಳು ಪೊರೆಯಾಗಿ ಕೂತು ತಾಮ್ರವನ್ನು ಕರಗಿಸುತ್ತದೆ. ಆದರೆ ಬರೀ ಅಮೋನಿಯಾ ಸೀಳು ಹುಟ್ಟಿಸಲಾರದು. ಕೋಶವನ್ನು ಬಿಲ್ಲೆಯಿಂದ ಬಟ್ಟಲಾಗಿ, ಬಟ್ಟಲಿಂದ ಕೊಳವೆಯಾಗಿ ಎಳೆದೆಳೆದು ಮಾಡಿರುತ್ತಾರೆ, ಕೊನೆಗೆ ಕತ್ತನ್ನು ಒತ್ತಿರುತ್ತಾರೆ. ಆ ಎಳೆತದ ಬಿಗುವು ಲೋಹದೊಳಗೆ ಹಾಗೇ ಉಳಿದಿರುತ್ತದೆ. ಅಮೋನಿಯಾ ತಿಂದ ಗೆರೆಯಲ್ಲಿ ಆ ಬಿಗುವು ಬಿಚ್ಚಿಕೊಳ್ಳುತ್ತದೆ, ಹಿತ್ತಾಳೆ ತನ್ನ ಬಲದಿಂದಲೇ ಸೀಳುತ್ತದೆ. ಪರಿಹಾರ ಸರಳ: ಹದವಾಗಿ ಕಾಯಿಸಿ ಬಿಗುವು ಇಳಿಸುವುದು. ಅಮೆರಿಕದ ಸೈನ್ಯದ ತೋಟಾಗಳ ಕತ್ತಿನಲ್ಲಿ ನೀಲಿ-ಕಂದು ಛಾಯೆ ಕಾಣುತ್ತದಲ್ಲ, ಅದು ಹೀಗೆ ಕಾಯಿಸಿದ ಗುರುತು. ಹೊಳಪು ಕೊಟ್ಟು ಅಳಿಸದೆ ಹಾಗೇ ಬಿಡುತ್ತಾರೆ.

ಗೆಳೆಯನ ಅಟ್ಟ ಕೊಟ್ಟಿಗೆಗೆ ತಾಗಿಕೊಂಡಿತ್ತು ಎಂದೆನಲ್ಲ. ಕುದುರೆಯ ಜಾಗದಲ್ಲಿ ದನ, ಮೇಲೆ ಮಲೆನಾಡಿನ ಮಳೆ, ಎಷ್ಟೋ ವರ್ಷ. ಹಿತ್ತಾಳೆ ಹೊಳಪಿಸಲು ಅಂಗಡಿಯಲ್ಲಿ ಸಿಗುವ ಕೆಲವು ದ್ರವಗಳಲ್ಲೂ ಅಮೋನಿಯಾ ಇರುತ್ತದೆ. ತಿಕ್ಕಬೇಡಿ ಎಂದದ್ದಕ್ಕೆ ಅದೂ ಒಂದು ಕಾರಣ.

ಆ ಕಾಲದ ಕೇಪಿನದು ಮತ್ತೊಂದು ತೊಂದರೆ. ಅದರ ಮಸಾಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣತಮ್ಮ. ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೇ ಕರಗಬೇಕು. ಅದಕ್ಕೇ ಸಿಪಾಯಿಗಳು ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದರು. ಇದನ್ನು ಹೇಳಿದಾಗ ಗೆಳೆಯನಿಗೆ ನೆನಪು ಬಂತು: "ಅಜ್ಜ ಹಂಡೆ ಒಲೆಯಿಂದ ಬಿಸಿನೀರು ತಂದು ಕೋವಿಗೆ ಸ್ನಾನ ಮಾಡಿಸ್ತಿದ್ರು. ನಾವು ಮಕ್ಕಳು ನಗ್ತಿದ್ವಿ."

ಐದೂ ತೋಟಾಗಳ ಕೇಪು ನುಣುಪಾಗಿತ್ತು, ಸೂಜಿಯ ಹೊಡೆತದ ಗುಳಿ ಇರಲಿಲ್ಲ. ಅಂದರೆ ಜೀವಂತ. ಗುಳಿ ಇದ್ದರೂ ಸತ್ತಿದೆ ಎಂದು ನಂಬುವ ಹಾಗಿಲ್ಲ, ಹೊಡೆತ ಬಿದ್ದೂ ಸಿಡಿಯದೆ ಉಳಿದದ್ದಿರಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಒಂದೇ ಒಂದು ತೋಟಾ ಕೂಡ ಮದ್ದುಗುಂಡೇ, ಲೈಸೆನ್ಸಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದ್ದಲ್ಲೇ ಬಿಟ್ಟು ಠಾಣೆಗೆ ಫೋನು ಮಾಡು ಎಂದೆ. ಮಾಡಿದ.

ಮಧ್ಯಾಹ್ನ ಇಬ್ಬರು ಬಂದರಂತೆ. ಜಗಲಿಯಲ್ಲಿ ಕೂತು ಮಹಜರು ಬರೆಯುವಾಗ ರೈಟರು "ಹಳೆಯ ತ್ರೀ ನಾಟ್ ತ್ರೀ ಜೀವಂತ ತೋಟಾ, ಐದು" ಎಂದು ಬರೆದುಬಿಟ್ಟಿದ್ದರು. ಗೆಳೆಯ, "ಸಾರ್, ನಾಲ್ಕೇ ತ್ರೀ ನಾಟ್ ತ್ರೀ. ಇದೊಂದು ತ್ರೀ ಫಿಫ್ಟೀನ್, ಬುಡ ನೋಡಿ" ಎಂದು ಮಗಳ ಸ್ಕೇಲನ್ನು ಮುಂದಿಟ್ಟ. ರೈಟರು ಕನ್ನಡಕ ಏರಿಸಿಕೊಂಡು ಒಂದೊಂದರ ಬುಡವನ್ನೂ ಬೆಳಕಿಗೆ ಓರೆಯಾಗಿ ಹಿಡಿದು ಓದಿದರು, ಸ್ಕೇಲು ಹಿಡಿದು ಅಳೆದರು. ಆಮೇಲೆ ಐದು ಎಂಬುದನ್ನು ಹೊಡೆದು ಹಾಕಿ, ನಾಲ್ಕು ಮತ್ತು ಒಂದು ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದರು.