ಇಕ್ಕೇರಿಗೆ ಮನಸೋತ ರೋಮ್ ಪ್ರವಾಸಿ

ಎರಡು ದಿನ ರಜೆ ಅಂತ ಹೋಗಿ, ಪರದೇಶದ ಊರಿಗೆ ಮನಸೋತು ಬರುವವರನ್ನು ನೋಡಿದ್ದೀರಿ. ಹಾಗೆಯೇ ನಮ್ಮ ಮಲೆನಾಡಿನ ಊರೊಂದನ್ನು ಕಣ್ತುಂಬ ನೋಡಿದ ವಿದೇಶಿಯೊಬ್ಬನಿದ್ದ. ಅದೂ 400 ವರ್ಷದ ಹಿಂದೆ!

ಹೆಸರು ಪಿಯೆತ್ರೊ ದೆಲ್ಲಾ ವಾಲೆ. ಊರು ರೋಮ್. 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಾಗ ಈತನೂ ಜೊತೆಯಾದ. ರಾಯಭಾರಿಗೆ ರಾಜಕೀಯದ, ಕಾಳುಮೆಣಸಿನ ಮಾತುಕತೆ. ಇವನಿಗೆ ಊರು ನೋಡುವ ಆಸೆ.

ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆ. ಅಲ್ಲಿಂದ ಘಟ್ಟ ಹತ್ತಿ ನಾಯಕನ ರಾಜಧಾನಿ ಇಕ್ಕೇರಿ. ದಾರಿಯ ಗುಡಿಯೊಂದರಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತ, ರಾಗವಾಗಿ ಲೆಕ್ಕ ಕಲಿಯುತ್ತಿದ್ದರು. ಈತ ನಿಂತು ನೋಡಿದ, ವಿಚಾರಿಸಿದ, ಬರೆದುಕೊಂಡ. ಇಕ್ಕೇರಿಯಲ್ಲಿ ಹೂ ಮುಡಿದ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು, ಹಾಡುತ್ತ ಕೋಲಾಟವಾಡಿದ್ದನ್ನೂ ಬರೆದ. ಎಲ್ಲವೂ ನೇಪಲ್ಸ್‌ನ ಗೆಳೆಯನಿಗೆ ಕಳಿಸಿದ ಪತ್ರಗಳಲ್ಲಿ ಉಳಿದಿದೆ.

ಶಾಸನಗಳು ಅರಸರ ದಾನ ದತ್ತಿಯನ್ನು ಹೇಳುತ್ತವೆ. ಮಕ್ಕಳ ಪಾಠ, ಹೆಣ್ಣುಮಕ್ಕಳ ಆಟ ನಮಗೆ ತಿಳಿಯುವುದು ಹೀಗೆ ಪ್ರೀತಿಯಿಂದ ನೋಡಿದ ಒಬ್ಬ ಹೊರಗಿನವನಿಂದ.

ಅರಳಸುರಳಿ, ತೀರ್ಥಹಳ್ಳಿ, ಹೊಸನಗರದ ಗೆಳೆಯರೇ, ಇಕ್ಕೇರಿ ಇರುವುದು ಸಾಗರದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ. ಕೆಳದಿ ನಾಯಕರ ಕಾಲದ ಅಘೋರೇಶ್ವರ ದೇವಸ್ಥಾನ ಇಂದಿಗೂ ಅಲ್ಲಿದೆ. ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಹಾಗೆಯೇ ನಿಮ್ಮೂರನ್ನೂ ಮೊದಲ ಸಲ ಬಂದವರಂತೆ ನಿಧಾನವಾಗಿ ನೋಡಿ. ಕಂಡದ್ದನ್ನು ತಪ್ಪದೆ ಬರೆದಿಡಿ.