ಮಾಸು ಕೆಳಗಿದ್ದರೆ ಮಲಗಿಯೇ ಇರಬೇಕೆ?

ಪ್ರಶ್ನೆ: ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಮಾಸು ಕೆಳಗಿದೆ ಎಂದಿದ್ದಾರೆ. ಹೆರಿಗೆವರೆಗೂ ಹಾಸಿಗೆ ಬಿಟ್ಟೇಳಬಾರದೆ? (ಐ.ಡಿ.ಹಳ್ಳಿ)

ಉತ್ತರ: ಹಾಗೇನಿಲ್ಲ. ಗರ್ಭಕೋಶ ಬೆಳೆದಂತೆ ಇಂಥ ಹತ್ತರಲ್ಲಿ ಸುಮಾರು ಒಂಬತ್ತು ಮಾಸುಗಳು ಗರ್ಭದ್ವಾರದಿಂದ ದೂರ ಸರಿಯುತ್ತವೆ. 32ನೇ ವಾರ ಮತ್ತೆ ಸ್ಕ್ಯಾನ್ ಮಾಡಿಸಿ. ‘ಮಲಗಿದರೆ ನಷ್ಟವೇನು?’ ಎನ್ನಬಹುದು. ಮಲಗಿದರೆ ಮಾಸು ಸರಿಯದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ನಿಜವಾದ ರಕ್ಷಣೆ ಮುಂಚಿನ ಸಿದ್ಧತೆ. ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ರಕ್ತ ಕಂಡರೆ, ನೋವಿಲ್ಲವೆಂದು ಕಾಯದೆ 108ಕ್ಕೆ ಕರೆ ಮಾಡಿ. ‘ಮಾಸು ಕೆಳಗಿದೆ’ ಎಂದು ಮೊದಲೇ ಹೇಳಿ, ಏಕೆಂದರೆ ಬೆರಳಿನ ಒಳಪರೀಕ್ಷೆಯಿಂದ ರಕ್ತಸ್ರಾವ ಕೆರಳಬಹುದು. ಕೊನೆವರೆಗೂ ಮಾಸು ಗರ್ಭದ್ವಾರವನ್ನು ಮುಚ್ಚಿಯೇ ಇದ್ದರೆ, ರಕ್ತಸ್ರಾವವಿಲ್ಲದಿದ್ದರೂ ಸಾಮಾನ್ಯವಾಗಿ 36–37ನೇ ವಾರದಲ್ಲಿ ಸಿಸೇರಿಯನ್. ನಿಮ್ಮೂರಿನಿಂದ ತುಮಕೂರಿನ ಆಸ್ಪತ್ರೆಗೆ ಮಧುಗಿರಿ ದಾಟಿ ಹೋಗಬೇಕಾದ ದೂರದ ದಾರಿ. ಆದ್ದರಿಂದ ರಕ್ತ ಸಿದ್ಧವಿರುವ ಆಸ್ಪತ್ರೆ ಯಾವುದೆಂದು ಈಗಲೇ ವೈದ್ಯರೊಡನೆ ಗೊತ್ತುಮಾಡಿಕೊಳ್ಳಿ.